ಮಾರಿಗೋಲ್ಡ್ ಯಾರ ಮಗು?

ಹಾಸ್ಟೆಲಿನಲ್ಲಿ ನಾವು ಮೂವರು ‘ಡೌನ್ಟನ್ ಅಬಿ’ ನೋಡಲು ಶುರುಮಾಡಿದ್ದು ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳೋಣ ಅಂತ. ಎರಡನೇ ವಾರಕ್ಕೆ ಉಚ್ಚಾರಣೆಯ ಮಾತು ಮರೆತೇ ಹೋಗಿತ್ತು. ಊಟದ ತಟ್ಟೆ ಹಿಡಿದು ಒಂದು ಲ್ಯಾಪ್‌ಟಾಪಿನ ಸುತ್ತ ಕೂತು, ಕಂತು ಮುಗಿದ ಮೇಲೆ ಅದಕ್ಕಿಂತ ಹೆಚ್ಚು ಹೊತ್ತು ಜಗಳವಾಡುವುದೇ ಅಭ್ಯಾಸವಾಯಿತು. ಪಕ್ಕದ ರೂಮಿನವರು ಗೋಡೆ ತಟ್ಟಿದ್ದೂ ಉಂಟು.

ನೋಡದವರಿಗಾಗಿ ಎರಡು ಮಾತು. ಜೂಲಿಯನ್ ಫೆಲೋಸ್ ಬರೆದ ಈ ಧಾರಾವಾಹಿ ಬ್ರಿಟನ್ನಿನ ಐಟಿವಿಯಲ್ಲಿ 2010ರಿಂದ 2015ರವರೆಗೆ ಬಂತು. ಕತೆ ಆರಂಭವಾಗುವುದು 1912ರ ಏಪ್ರಿಲ್‌ನಲ್ಲಿ. ಯಾರ್ಕ್‌ಶೈರಿನ ಕ್ರಾಲಿ ಎಂಬ ಜಮೀನ್ದಾರಿ ಮನೆತನದ ವಾರಸುದಾರರು ಟೈಟಾನಿಕ್ ಹಡಗಿನೊಂದಿಗೆ ಮುಳುಗಿದ ಸುದ್ದಿ ಬರುತ್ತದೆ. ಯಜಮಾನ ರಾಬರ್ಟ್‌ಗೆ ಮೂವರು ಹೆಣ್ಣುಮಕ್ಕಳು: ಮೇರಿ, ಈಡಿತ್, ಸಿಬಿಲ್. ಗಂಡು ಸಂತಾನವಿಲ್ಲ. ಆಸ್ತಿ, ಪದವಿ ಎರಡೂ ಮ್ಯಾಂಚೆಸ್ಟರಿನಲ್ಲಿ ವಕೀಲಿ ಮಾಡಿಕೊಂಡಿದ್ದ ದೂರದ ದಾಯಾದಿ ಮ್ಯಾಥ್ಯೂವಿಗೆ ಹೋಗಬೇಕು. ಮೇಲ್ಮಹಡಿಯಲ್ಲಿ ಧಣಿಗಳು, ನೆಲಮಾಳಿಗೆಯಲ್ಲಿ ಆಳುಕಾಳು. ಹದಿಮೂರು ವರ್ಷಗಳ ಕತೆ 1925ರ ಡಿಸೆಂಬರ್ 31ರ ರಾತ್ರಿ ಮುಗಿಯುತ್ತದೆ. ಈ ಕೊನೆಯ ತಾರೀಖನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈ ಕತೆಗೆ ಜಗಳ ಹಚ್ಚುವ ಗುಣ ಮೊದಲಿನಿಂದಲೂ ಇದೆ. ಆಗಷ್ಟೇ ತಂದೆಯಾದ ಮ್ಯಾಥ್ಯೂ ಕಾರು ಅಪಘಾತದಲ್ಲಿ ಸತ್ತ ಕಂತು ಪ್ರಸಾರವಾದದ್ದು 2012ರ ಕ್ರಿಸ್‌ಮಸ್ ದಿನ. ಹಬ್ಬದ ಊಟ ಮಾಡಿ ಟೀವಿ ಮುಂದೆ ಕೂತಿದ್ದ ಬ್ರಿಟಿಷ್ ವೀಕ್ಷಕರು ಸಿಟ್ಟಾದರು. ಮರುವರ್ಷ ದಾಸಿ ಆ್ಯನಾಳ ಮೇಲೆ ನಡೆಯುವ ಅತ್ಯಾಚಾರದ ಕಂತಿಗೆ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ದೂರುಗಳು ಹೋದವು. ಇನ್ನು ಮೇರಿ ಪಕ್ಷ, ಈಡಿತ್ ಪಕ್ಷ ಅನ್ನುವುದಂತೂ ಮುಗಿಯುವಂಥದ್ದಲ್ಲ. ನಮ್ಮ ರೂಮಿನಲ್ಲೂ ಎರಡೂ ಪಕ್ಷಗಳಿದ್ದವು. ಆದರೆ ನಮ್ಮನ್ನು ನಿಜಕ್ಕೂ ಒಡೆದದ್ದು ಒಂದು ಪುಟ್ಟ ಮಗು.

ಈಡಿತ್ ಪತ್ರಿಕೆಯೊಂದರ ಸಂಪಾದಕ ಮೈಕೆಲ್ ಗ್ರೆಗ್ಸನ್‌ನನ್ನು ಪ್ರೀತಿಸುತ್ತಾಳೆ. ಅವನ ಹೆಂಡತಿ ಹುಚ್ಚಾಸ್ಪತ್ರೆಯಲ್ಲಿದ್ದಾಳೆ. ವಿಚ್ಛೇದನ ಪಡೆಯುವ ದಾರಿ ಹುಡುಕಿಕೊಂಡು ಜರ್ಮನಿಗೆ ಹೋದವನು ಹಿಂದಿರುಗುವುದಿಲ್ಲ. ಗರ್ಭಿಣಿ ಈಡಿತ್ ಸ್ವಿಟ್ಜರ್‌ಲೆಂಡಿನಲ್ಲಿ ಗುಟ್ಟಾಗಿ ಹೆತ್ತು, ಮಗುವನ್ನು ಅಲ್ಲಿನ ದಂಪತಿಗೆ ಕೊಟ್ಟು ಬರುತ್ತಾಳೆ. ಮನಸ್ಸು ತಡೆಯದೆ ವಾಪಸು ತಂದು ತಮ್ಮದೇ ಜಮೀನಿನ ಗೇಣಿದಾರ ಡ್ರೂ ಎಂಬವನ ಮನೆಯಲ್ಲಿ ಬಿಡುತ್ತಾಳೆ. ಅವನು ಹೆಂಡತಿಗೆ ಇದು ತೀರಿಹೋದ ಗೆಳೆಯನ ಮಗು ಎಂದು ಸುಳ್ಳು ಹೇಳುತ್ತಾನೆ. ಆಕೆ ಮಾರಿಗೋಲ್ಡ್‌ಳನ್ನು ತನ್ನ ಮಕ್ಕಳ ಜೊತೆ ಸ್ವಂತ ಮಗುವಿನಂತೆಯೇ ಸಾಕುತ್ತಾಳೆ. ದೊಡ್ಡಮನೆಯ ಹುಡುಗಿ ಪದೇಪದೇ ಮನೆಗೆ ಬರುವುದು ನೋಡಿ, ತನ್ನ ಗಂಡನ ಮೇಲೇ ಇವಳಿಗೆ ಕಣ್ಣು ಅಂದುಕೊಳ್ಳುತ್ತಾಳೆ. ಗ್ರೆಗ್ಸನ್ ಸತ್ತದ್ದು ಖಚಿತವಾದ ದಿನಗಳಲ್ಲಿ ಈಡಿತ್ ಬಂದು, ತಾನೇ ಹೆತ್ತವಳು ಎಂದು ಜನನ ಪತ್ರ ತೋರಿಸಿ, ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾಳೆ. ಮುಂದೆ ದನಕರುಗಳ ಜಾತ್ರೆಯಂಥ ಒಂದು ಪ್ರದರ್ಶನದಲ್ಲಿ ಡ್ರೂ ಹೆಂಡತಿ ಮಾರಿಗೋಲ್ಡ್‌ಳನ್ನು ಕಂಡು, ಯಾರಿಗೂ ಹೇಳದೆ ಮನೆಗೆ ಕರೆದುಕೊಂಡು ಬರುತ್ತಾಳೆ. ಮಗುವನ್ನು ಮತ್ತೆ ಕಸಿದುಕೊಳ್ಳಲಾಗುತ್ತದೆ. ತಲೆತಲಾಂತರದಿಂದ ಉಳುತ್ತಿದ್ದ ಜಮೀನು ಬಿಟ್ಟು ಡ್ರೂ ಕುಟುಂಬ ಬೇರೆಡೆಗೆ ಹೋಗಬೇಕಾಗುತ್ತದೆ.

“ಹೆತ್ತವಳು ಕೇಳಿದರೆ ಕೊಡಲೇಬೇಕು, ಅದರಲ್ಲಿ ಚರ್ಚೆ ಏನಿದೆ?” ಅಂದಳು ಒಬ್ಬ ರೂಂಮೇಟ್. “ಹಾಗಾದರೆ ಎರಡು ಮನೆಗೆ ಯಾಕೆ ಕೊಟ್ಟಳು? ಮಗು ಏನು ಗಿರವಿ ಇಟ್ಟ ಒಡವೆಯಾ?” ಅಂದಳು ಇನ್ನೊಬ್ಬಳು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಕಾರಣವಿತ್ತು. ನನ್ನ ಪಿಎಚ್‌ಡಿ ವಿಷಯವೇ ಹತ್ತೊಂಬತ್ತನೇ ಶತಮಾನದ ಕರ್ನಾಟಕದಲ್ಲಿ ದತ್ತಕದ ವ್ಯಾಜ್ಯಗಳು. ನಾನು ಗತ್ತಿನಿಂದ, “ಆಯಮ್ಮ ಕಾನೂನು ಪ್ರಕಾರ ದತ್ತು ತೆಗೆದುಕೊಂಡಿದ್ದಿದ್ದರೆ ಈಡಿತ್ ಮುಟ್ಟೋಕೂ ಆಗ್ತಿರಲಿಲ್ಲ” ಅಂದೆ.

ನಾನು ಹೇಳಿದ್ದು ತಪ್ಪು. ಮಾರನೇ ದಿನ ಲೈಬ್ರರಿಯಲ್ಲಿ ಸುಮ್ಮನೆ ಖಾತ್ರಿ ಮಾಡಿಕೊಳ್ಳಲು ಹೋದವಳಿಗೆ ತಿಳಿದದ್ದು ಇದು: ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ದತ್ತು ತೆಗೆದುಕೊಳ್ಳುವ ಕಾನೂನೇ ಇರಲಿಲ್ಲ. ಅಲ್ಲಿ ಮೊತ್ತಮೊದಲ ಮಕ್ಕಳ ದತ್ತು ಕಾಯ್ದೆ ಬಂದದ್ದು 1926ರಲ್ಲಿ, ಜಾರಿಯಾದದ್ದು 1927ರ ಜನವರಿ 1ರಿಂದ. ಅಂದರೆ ಧಾರಾವಾಹಿ ಮುಗಿದು ಸರಿಯಾಗಿ ಒಂದು ವರ್ಷಕ್ಕೆ. ನಾಲ್ಕು ವರ್ಷದಿಂದ ದತ್ತಕದ ಬಗ್ಗೆಯೇ ಓದುತ್ತಿದ್ದರೂ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ದತ್ತು ಅನ್ನುವುದು ಅಷ್ಟು ಹಳೆಯದಾದ್ದರಿಂದ ಎಲ್ಲ ಕಡೆಯೂ ಇದ್ದೇ ಇರುತ್ತದೆ ಅಂದುಕೊಂಡಿದ್ದೆ.

ಹಾಗಂತ ಅಲ್ಲಿನ ಜನ ಬೇರೆಯವರ ಮಕ್ಕಳನ್ನು ಸಾಕುತ್ತಿರಲಿಲ್ಲ ಅಂತಲ್ಲ. ಧಾರಾಳವಾಗಿ ಸಾಕುತ್ತಿದ್ದರು. ಆದರೆ ಅದು ಕೇವಲ ಬಾಯಿಮಾತಿನ ಏರ್ಪಾಡು. ಮದುವೆಯಿಲ್ಲದೆ ಹುಟ್ಟಿದ ಮಗು ಹಳೆಯ ಇಂಗ್ಲಿಷ್ ಕಾನೂನಿನ ಕಣ್ಣಲ್ಲಿ ಯಾರ ಮಗುವೂ ಅಲ್ಲ. 1834ರ ಬಡವರ ಕಾಯ್ದೆಯ ತಿದ್ದುಪಡಿ ಅಂಥ ಮಗುವಿನ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿತು. ಕೂಲಿ ಮಾಡಿ ತಿನ್ನುವ ಹೆಣ್ಣುಗಳು ವಾರಕ್ಕಿಷ್ಟು ಹಣ ಕೊಟ್ಟು, ಇಲ್ಲವೇ ಒಂದೇ ಸಲ ಒಂದು ಮೊತ್ತ ಕೊಟ್ಟು, ಪರರ ಮನೆಯಲ್ಲಿ ಮಗುವನ್ನು ಬಿಡುತ್ತಿದ್ದರು. ಅದೇ ದಂಧೆಯಾಗಿ, ಹಣ ತೆಗೆದುಕೊಂಡು ಕೂಸುಗಳನ್ನು ಸಾಯಲು ಬಿಡುವವರೂ ಹುಟ್ಟಿಕೊಂಡರು. 1870ರಲ್ಲಿ ಮಾರ್ಗರೆಟ್ ವಾಟರ್ಸ್, 1896ರಲ್ಲಿ ಅಮೀಲಿಯಾ ಡಯರ್ ಎಂಬ ಹೆಂಗಸರು ಗಲ್ಲಿಗೇರಿದ್ದು ಇದೇ ಅಪರಾಧಕ್ಕೆ. ನಡುವೆ 1872ರಲ್ಲಿ ಶಿಶುಗಳ ಜೀವ ಕಾಪಾಡುವ ಕಾಯ್ದೆ ಬಂತು. ಅದು ಸಾಕುವವರ ಮೇಲೆ ಕಣ್ಣಿಡುವ ಕಾಯ್ದೆಯೇ ಹೊರತು ಅವರಿಗೆ ಹಕ್ಕು ಕೊಡುವುದಲ್ಲ. 1891ರಲ್ಲಿ ಡಾ. ಬರ್ನಾರ್ಡೋ ಅವರ ಅನಾಥಾಲಯದ ವಿರುದ್ಧ ತಾಯಿಯೊಬ್ಬಳು ಹೂಡಿದ್ದ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಹೆತ್ತವಳ ಮಾತಿಗೇ ಬೆಲೆ ಕೊಟ್ಟಿತು.

ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ತಬ್ಬಲಿ ಮಕ್ಕಳೂ ಹೆಚ್ಚಿದ್ದರು, ಸಾಕಲು ಮುಂದೆ ಬರುವವರೂ ಹೆಚ್ಚಿದ್ದರು. ಕಾನೂನು ಬೇಕೆಂದು ಕೇಳಿದವರ ಒಂದು ಮುಖ್ಯ ವಾದ ನನ್ನನ್ನು ತಡೆದು ನಿಲ್ಲಿಸಿತು. ಸಾಕಿದವರಿಗೆ ಒಂದು ಭಯವಿತ್ತಂತೆ: ವರ್ಷಗಟ್ಟಲೆ ತಿರುಗಿ ನೋಡದ ಹೆತ್ತವರು, ಮಗು ದುಡಿಯುವ ವಯಸ್ಸಿಗೆ ಬಂದ ಕೂಡಲೇ ಬಂದು ಕರೆದುಕೊಂಡು ಹೋಗಿಬಿಡುತ್ತಾರೆ ಎಂಬ ಭಯ. ಸರ್ಕಾರ ಎರಡು ಸಮಿತಿ ಕೂರಿಸಿತು. ಎರಡನೆಯದು, ಟಾಮ್ಲಿನ್ ಸಮಿತಿ, ಅಂಥ ಉತ್ಸಾಹವನ್ನೇನೂ ತೋರಲಿಲ್ಲ. ಆದರೂ ಕಾಯ್ದೆ ಬಂತು. ಬಂದ ಮೇಲೂ ದತ್ತು ಮಗುವಿಗೆ ಸಾಕಿದವರ ಆಸ್ತಿಯಲ್ಲಿ ಹಕ್ಕು ಸಿಗಲಿಲ್ಲ. ಅದಕ್ಕೆ 1949ರವರೆಗೆ ಕಾಯಬೇಕಾಯಿತು. ಮಗು ಯಾರ ತೊಡೆಯ ಮೇಲಾದರೂ ಬೆಳೆಯಲಿ, ಜಮೀನು ಮಾತ್ರ ರಕ್ತದಲ್ಲೇ ಹರಿಯಬೇಕು ಎಂಬ ಹಟ ಅದು. ಡೌನ್ಟನ್ ಕತೆ ಶುರುವಾಗುವುದೂ ಅದೇ ಹಟದಿಂದಲ್ಲವೇ?

ಇಲ್ಲಿಗೆ ಬಂದಾಗ ನನ್ನ ನೋಟ್ಸಿನ ಇನ್ನೊಂದು ಕಟ್ಟು ನೆನಪಾಯಿತು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನೇ ಅನುಮಾನಿಸಿದ, ಕಂಪನಿಯ ಒಪ್ಪಿಗೆಯಿಲ್ಲದೆ ಇದು ನಡೆಯದು ಅಂದ. ರಾಣಿ ಚೆನ್ನಮ್ಮ ಬಗ್ಗಲಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. ಮುಂದಿನದು ನಮಗೆಲ್ಲ ಗೊತ್ತು. ಮುಂದೆ ಡಾಲ್‌ಹೌಸಿ ಇದನ್ನೇ ನೀತಿಯಾಗಿಸಿ ಸತಾರ, ಝಾನ್ಸಿ, ನಾಗಪುರಗಳನ್ನು ನುಂಗಿದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಮಗುವನ್ನು ಬ್ರಿಟಿಷರು ವಾರಸುದಾರನೆಂದು ಒಪ್ಪಲು ಎರಡು ವರ್ಷ ಸತಾಯಿಸಿದರು.

ಇದನ್ನೆಲ್ಲ ಇಷ್ಟು ದಿನ ನಾನು ಸಾಮ್ರಾಜ್ಯದ ದುರಾಸೆ ಎಂದಷ್ಟೇ ಓದಿಕೊಂಡಿದ್ದೆ. ದುರಾಸೆ ಇದ್ದದ್ದು ನಿಜ. ಖಾಸಗಿ ಆಸ್ತಿಗೆ ದತ್ತಕವನ್ನು ಒಪ್ಪುತ್ತಿದ್ದ ಅವರು ರಾಜ್ಯದ ಪ್ರಶ್ನೆ ಬಂದಾಗ ಮಾತ್ರ ತಕರಾರು ತೆಗೆಯುತ್ತಿದ್ದರು. ಆದರೆ ಥ್ಯಾಕರೆ ಬಂದ ನಾಡಿನಲ್ಲಿ, ಹೆರದ ಮಗುವನ್ನು ಮಗುವಾಗಿಸುವ ವಿಧಿಯೇ ಇರಲಿಲ್ಲ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು ಅಂತ ಈಗ ಅನಿಸುತ್ತಿದೆ. ಕಿತ್ತೂರಿನ ಶಿವಲಿಂಗಪ್ಪನ ದತ್ತಕಕ್ಕೂ ಇಂಗ್ಲೆಂಡಿನ ಮೊದಲ ದತ್ತು ಕಾಯ್ದೆಗೂ ನಡುವೆ ನೂರೆರಡು ವರ್ಷಗಳಿವೆ.

ಹಾಗೆಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವಂತಿಲ್ಲ. ನಮ್ಮ ಶಾಸ್ತ್ರದ ದತ್ತಕ ಇದ್ದದ್ದು ಗಂಡುಮಗುವಿಗೆ. ಪಿಂಡ ಇಡಲು, ಮನೆತನದ ಹೆಸರು ಉಳಿಸಲು, ಆಸ್ತಿ ಹಿಡಿಯಲು ಒಬ್ಬ ಮಗ ಬೇಕು. ಮಾರಿಗೋಲ್ಡ್ ಕಿತ್ತೂರಿನಲ್ಲಿ ಹುಟ್ಟಿದ್ದರೂ ಅವಳನ್ನು ಯಾರೂ ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಳ್ಳುತ್ತಿರಲಿಲ್ಲ. ಹಿಂದೂಗಳಲ್ಲಿ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಬಹುದು ಎಂದು ಕಾನೂನು ಹೇಳಿದ್ದು 1956ರಲ್ಲಿ.

ಈಡಿತ್ ಪಕ್ಷದವರಿಗೂ ನ್ಯಾಯ ಸಲ್ಲಬೇಕು. ಹೆಂಡತಿಯ ಹುಚ್ಚು ವಿಚ್ಛೇದನಕ್ಕೆ ಕಾರಣವಾಗಬಹುದೆಂದು ಇಂಗ್ಲಿಷ್ ಕಾನೂನು ಒಪ್ಪಿದ್ದು 1937ರಲ್ಲಿ. 1926ರಲ್ಲೇ ಬಂದ ಇನ್ನೊಂದು ಕಾಯ್ದೆ, ಆಮೇಲೆ ತಂದೆತಾಯಿ ಮದುವೆಯಾದರೆ ಮಗು ಸಕ್ರಮವಾಗುತ್ತದೆ ಅಂದಿತು. ಆದರೆ ಮಗು ಹುಟ್ಟಿದಾಗ ಇಬ್ಬರಲ್ಲಿ ಒಬ್ಬರಿಗಾದರೂ ಬೇರೆ ಮದುವೆಯಾಗಿದ್ದರೆ ಅದೂ ಇಲ್ಲ. ಗ್ರೆಗ್ಸನ್ ಬದುಕಿ ಬಂದಿದ್ದರೂ ಮಾರಿಗೋಲ್ಡ್‌ಗೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಈಡಿತ್ ಸುಳ್ಳುಗಳ ಮೇಲೆ ಸುಳ್ಳು ಹೇಳುವುದು ಅವಳ ಚಪಲಕ್ಕಲ್ಲ.

ಆದರೆ ಅವಳ ಸುಳ್ಳಿನ ಬೆಲೆ ತೆತ್ತವರು ಯಾರು? ಡ್ರೂ ಅಪ್ಪ ಸತ್ತಾಗ ಗೇಣಿ ಬಾಕಿ ಉಳಿದಿತ್ತು. ಅದನ್ನು ತೀರಿಸಲು ರಾಬರ್ಟ್ ತಾನೇ ಅವನಿಗೆ ಹಣ ಕೊಟ್ಟಿದ್ದ. ಆ ಋಣದಲ್ಲಿದ್ದವನು ಧಣಿಯ ಮಗಳು ಮಗು ಸಾಕು ಅಂದಾಗ ಹೇಗೆ ಇಲ್ಲ ಅಂದಾನು? ಅವನ ಹೆಂಡತಿಯನ್ನಂತೂ ಯಾರೂ ಕೇಳಲೂ ಇಲ್ಲ. ಡ್ರೂ ಕುಟುಂಬ ಹೋದ ಮೇಲೆ ಅದೇ ಜಮೀನು ಅಡುಗೆಮನೆಯ ಡೇಸಿಯ ಮಾವ, ಪಾಪದ ಮೇಸನ್‌ಗೆ ಸಿಗುತ್ತದೆ. ಆ ದಿನ ನಾವು ಮೂವರೂ ಚಪ್ಪಾಳೆ ತಟ್ಟಿದ್ದೆವು. ಆ ಮನೆ ಖಾಲಿಯಾದದ್ದು ಹೇಗೆ ಅಂತ ಒಬ್ಬರಿಗೂ ನೆನಪಾಗಲಿಲ್ಲ.

ಇನ್ನೊಬ್ಬ ವೀಕ್ಷಕಳ ಮಾತು ಹೇಳದೆ ಈ ಬರಹ ಮುಗಿಸಲಾರೆ. ದಸರಾ ರಜೆಗೆ ತಿಪಟೂರಿಗೆ ಹೋದಾಗ ಅಮ್ಮನಿಗೆ ಆ ಎರಡು ಕಂತು ತೋರಿಸಿದೆ. ಇಂಗ್ಲಿಷ್ ಅರ್ಥವಾಗದ್ದಕ್ಕೆ ನಾನೇ ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ, “ನೀನು ಸುಮ್ನಿರು, ಗೊತ್ತಾಗ್ತಿದೆ” ಅಂದಳು.

ಅಮ್ಮ ಹುಟ್ಟಿ ವರ್ಷ ತುಂಬುವುದರೊಳಗೆ ಅವಳ ದೊಡ್ಡಮ್ಮ ಅರಸೀಕೆರೆಗೆ ಕರೆದುಕೊಂಡು ಹೋಗಿದ್ದಳಂತೆ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಕಾಗದವಿಲ್ಲ, ಶಾಸ್ತ್ರವಿಲ್ಲ, ಅಕ್ಕ ಕೇಳಿದಳು ತಂಗಿ ಕೊಟ್ಟಳು, ಅಷ್ಟೆ. ಅಮ್ಮ ಎಂಟನೇ ವಯಸ್ಸಿನವರೆಗೆ ಅವಳನ್ನೇ ಅಮ್ಮ ಅನ್ನುತ್ತಿದ್ದಳು. ಅಷ್ಟರಲ್ಲಿ ತವರಿನಲ್ಲಿ ಮತ್ತೊಂದು ಬಾಣಂತನ ಬಂತು. ಚಿಕ್ಕಮಕ್ಕಳನ್ನು ಎತ್ತಿಕೊಳ್ಳಲು, ನೀರು ಸೇದಲು ಒಂದು ಕೈ ಬೇಕಾಯಿತು. ತಾತ ಹೋಗಿ ಕರೆದುಕೊಂಡು ಬಂದರು. ಇದನ್ನು ನಮ್ಮ ಮನೆಯಲ್ಲಿ ಯಾವಾಗಲೂ ನಗುನಗುತ್ತಾ ಹೇಳುತ್ತಿದ್ದರು, ಬಸ್ಸಿನಲ್ಲಿ ಎಷ್ಟು ರಂಪ ಮಾಡಿದಳು ಅಂತ. ದೊಡ್ಡಜ್ಜಿ ತೀರಿಕೊಂಡಾಗ ಅಮ್ಮ ಅಲ್ಲಿ ತಂಗಿಯ ಮಕ್ಕಳ ಸಾಲಿನಲ್ಲಿ ಕೂತಿದ್ದಳು. ನಾನು ಲೈಬ್ರರಿಯಲ್ಲಿ ಆ ಇಂಗ್ಲಿಷ್ ಭಯದ ಬಗ್ಗೆ ಓದಿ ನಿಂತುಬಿಟ್ಟದ್ದು ಇದಕ್ಕೇ.

ಕಂತು ಮುಗಿಯಿತು. ನಾನು ಸಂಶೋಧಕಿಯ ಗತ್ತಿನಲ್ಲೇ ಕೇಳಿದೆ, “ಹೇಳಮ್ಮ, ಮಗು ಯಾರಿಗೆ ಸೇರಬೇಕಿತ್ತು?” ಅಮ್ಮ ಡ್ರೂ ಹೆಂಡತಿಯ ಪಕ್ಷ ಹಿಡಿಯುತ್ತಾಳೆ ಅಂತ ನನಗೆ ಖಾತ್ರಿಯಿತ್ತು.

“ಇಬ್ಬರೂ ಅಳೋದನ್ನ ಚೆನ್ನಾಗಿ ತೋರಿಸಿದಾರೆ,” ಅಂದಳು. “ಆ ಮಗು ರಾತ್ರಿ ಎದ್ದು ಯಾರನ್ನ ಹುಡುಕ್ತು ಅಂತ ತೋರಿಸಲೇ ಇಲ್ಲವಲ್ಲ?”

ನನ್ನ ಮೇಜಿನ ಮೇಲೆ ನೂರಾರು ಪುಟಗಳ ವ್ಯಾಜ್ಯದ ಪ್ರತಿಗಳಿವೆ. ಕೊಟ್ಟವರು, ತೆಗೆದುಕೊಂಡವರು, ದಾಯಾದಿಗಳು, ಸಾಕ್ಷಿಗಳು, ಪುರೋಹಿತರು ಎಲ್ಲರ ಹೇಳಿಕೆಗಳೂ ಅದರಲ್ಲಿವೆ. ಊರಿನಿಂದ ವಾಪಸಾದ ಮೇಲೆ ಮೊದಲ ಪುಟದಿಂದ ಮತ್ತೆ ಓದುತ್ತಿದ್ದೇನೆ, ಮಕ್ಕಳು ಆಡಿದ ಒಂದಾದರೂ ಮಾತು ಸಿಗುತ್ತದೇನೋ ಎಂದು. ಇದುವರೆಗೆ ಸಿಕ್ಕಿಲ್ಲ.