ಸೊನ್ನಲಿಗೆಯ ಕಾಲುದಾರಿಗಳು

ಅಕ್ಕಲಕೋಟ ಸೀಮೆಯ ನಮಗೆ ಸೊಲ್ಲಾಪುರ ಹೊಸ ಊರಲ್ಲ. ಪೇಟೆಗೆ, ಕಚೇರಿಗೆ, ದವಾಖಾನೆಗೆ, ಮಕ್ಕಳ ಕಾಲೇಜಿಗೆ ಎಂದು ಚಪಳಗಾಂವದಿಂದ ಹೋಗಿ ಬರುತ್ತಲೇ ಇರುತ್ತೇವೆ. ಚಾದರು ಕೊಂಡು, ಕೆರೆಯ ನಡುವಿನ ಸಿದ್ಧೇಶ್ವರನಿಗೆ ಕೈಮುಗಿದು ಮರಳಿ ಬಸ್ಸು ಹತ್ತುತ್ತೇವೆ. ಆದರೆ ಆ ಊರಿನ ಕನ್ನಡದ ಇತಿಹಾಸ ಬಸ್ಸಿನ ಹಾದಿಯಲ್ಲಿ ಸಿಗುವುದಿಲ್ಲ; ಅದಕ್ಕೆ ನಡೆಯಬೇಕು.

ಜನ ಕಿಕ್ಕಿರಿಯುವ ಗುಡಿಯಿಂದಲೇ ಹೊರಡೋಣ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದ ಕರ್ಮಯೋಗಿಗಳು, ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂಕಿತದ ವಚನಕಾರರು. ರಾಘವಾಂಕ ಅವರ ಚರಿತ್ರೆಯನ್ನು ಕಾವ್ಯವಾಗಿಸಿದ. ಕೆರೆಯ ಮಗ್ಗುಲಲ್ಲೇ ಭುಯಿಕೋಟ ಕೋಟೆ. ಗುಡಿಗೆ ಬಂದವರಲ್ಲಿ ಒಳಹೊಕ್ಕು ನೋಡುವವರು ಕಡಿಮೆ. ಹದಿನಾರು ಹಳ್ಳಿ ಸೇರಿ ‘ಸೋಳಾ’ಪುರವಾಯಿತೆಂದು ಹೇಳುವುದುಂಟು. ಆದರೆ ಕಲಚುರಿಗಳ ಕಾಲದ ಶಾಸನದಲ್ಲಿ ಊರಿನ ಹೆಸರು ಸೊನ್ನಲಿಗೆ. ಶಕ 1238ರ ಕಾಮತಿ ಶಾಸನದಲ್ಲಿ ಸೊನಲಿಪುರ. ಈ ಕೋಟೆಯದೇ ಒಂದು ಶಾಸನದಲ್ಲಿ ಸೊನಲಪುರ. ಹೆಸರು ಸವೆದ ಬಗೆ ಕಲ್ಲಿನಲ್ಲೇ ಉಳಿದಿದೆ.

ಇನ್ನು ಹಳೆಯ ಕಸಬಾ ಭಾಗದ ಓಣಿಗಳು. ಸಿದ್ಧರಾಮರು ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು ಈ ಲಿಂಗಗಳನ್ನು ಸುತ್ತಿ ಬರುತ್ತವೆ. ಅಂದು ಲಿಂಗಗಳಿಗೆ ನಡೆಯುವ ತೈಲಾಭಿಷೇಕವನ್ನು ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಅದು ನಮ್ಮ ಎಣ್ಣೆಮಜ್ಜನ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಸಿದ್ಧರಾಮರನ್ನೇ ವರಿಸಬಯಸಿದ ಕುಂಬಾರ ಕನ್ಯೆಗೆ ಅವರ ಯೋಗದಂಡದೊಡನೆ ಮದುವೆಯಾದ ಕಥೆಯ ನೆನಪು ಅದು. ‘ಹಿರೇಹಬ್ಬು’, ‘ಕಟ್ಟೆ’, ‘ಎಣ್ಣೆ’ ಎಂಬ ಈ ಮಾತುಗಳನ್ನು ಮರಾಠಿ ಬಾಂಧವರೂ ತಮ್ಮವೆಂದೇ ಆಡುತ್ತಾರೆ. ಜಾತ್ರೆ ಮುಗಿದ ಮೇಲೆ ಈ ಲಿಂಗಗಳಲ್ಲಿ ಹಲವು ಮನೆ, ಅಂಗಡಿಗಳ ಸಂದಿಯಲ್ಲಿ ಸದ್ದಿಲ್ಲದೆ ಇರುತ್ತವೆ. ನಾವು ನೋಡಬೇಕಾದದ್ದು ಆಗ.

ಹುತಾತ್ಮ ಚೌಕದಲ್ಲಿ ಒಂದು ಗಳಿಗೆ ನಿಲ್ಲೋಣ. 1930ರ ಮಾರ್ಷಲ್ ಲಾ ಪ್ರಕರಣದಲ್ಲಿ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಅವರನ್ನು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಲಾಯಿತು. ಆ ನಾಲ್ಕು ಹೆಸರುಗಳೇ ಈ ಊರಿನ ಕೂಡುಬಾಳಿಗೆ ಸಾಕ್ಷಿ.

ಕೊನೆಗೆ ದಯಾನಂದ ಕಾಲೇಜು. ವರಕವಿ ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿ ಕನ್ನಡ ಕಲಿಸಿದರು. ಆ ನಡುವೆ, 1950ರಲ್ಲಿ, ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು. 1956ರಲ್ಲಿ ರಾಜ್ಯಗಳ ಗಡಿ ಬಿದ್ದಾಗ ನಾವು ಈಚೆ ಉಳಿದೆವು. ಆದರೂ ಕನ್ನಡ ನಿಲ್ಲಲಿಲ್ಲ: 1974ರ ಮಂಡ್ಯ ಸಮ್ಮೇಳನಕ್ಕೆ ಪ್ರಥಮ ಮಹಿಳಾ ಅಧ್ಯಕ್ಷರಾದವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ, ಸಿದ್ಧರಾಮರ ಮೇಲೆಯೇ ಪುರಾಣ ಬರೆದವರು.

ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಅವರಿಗೆ ಬರೀ ಅಭಿಮಾನದ ಮಾತು ಹೇಳಿದರೆ ಸಾಲದು. ಜಾತ್ರೆಯಿಲ್ಲದ ಒಂದು ದಿನ ಕೈಹಿಡಿದು ಈ ಓಣಿಗಳಲ್ಲಿ ನಡೆಸೋಣ; ಕಂಡ ಲಿಂಗ, ಕಟ್ಟೆ, ಓಣಿಗಳ ಹೆಸರನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸೋಣ. ಹಿರಿಯರು ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸವಾಗಬೇಕು.