ಆರಿಜೆನ್: ಮೂಲವಿಲ್ಲದ ಗ್ರಂಥವನ್ನು ಓದುವ ಬಗೆ



ಒಬ್ಬ ಚಿಂತಕನ ವಿಚಾರಗಳನ್ನು ತಿಳಿಯಬೇಕಾದರೆ ಏನು ಮಾಡಬೇಕು? ಆತನ ಪುಸ್ತಕಗಳನ್ನು ಓದಬೇಕು ಎಂದು ನೀವು ಥಟ್ಟನೆ ಉತ್ತರಿಸುತ್ತೀರಿ. ಉತ್ತರವೇನೋ ಸರಿಯೇ. ಆದರೆ ಆತನ ಮುಖ್ಯ ಗ್ರಂಥದ ಮೂಲವೇ ಬಹುಪಾಲು ಕಳೆದುಹೋಗಿದ್ದರೆ? ನಮಗೆ ಉಳಿದಿರುವುದು ಅಭಿಮಾನಿಯೊಬ್ಬ ತಿದ್ದಿ ಮಾಡಿದ ಅನುವಾದ ಮತ್ತು ವಿರೋಧಿಗಳು ತಪ್ಪು ತೋರಿಸಲೆಂದು ಆಯ್ದುಕೊಂಡ ವಾಕ್ಯಗಳಾಗಿದ್ದರೆ? ಆಗ ನಮ್ಮ ಕೆಲಸ ಸ್ವಲ್ಪ ಕಷ್ಟವಾಗುತ್ತದೆ. ಆರಂಭಕಾಲದ ಕ್ರೈಸ್ತ ಚಿಂತಕರಲ್ಲಿ ಅಗ್ರಗಣ್ಯನಾದ ಆರಿಜೆನ್‌ನ ಅಧ್ಯಯನದಲ್ಲಿ ಇತಿಹಾಸಕಾರರು ಎದುರಿಸಿದ್ದು ಇದೇ ಕಷ್ಟವನ್ನು. ಅವರು ಇದನ್ನು ಹೇಗೆ ನಿಭಾಯಿಸಿದರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಆರಿಜೆನ್ ಹುಟ್ಟಿದ್ದು ಕ್ರಿ.ಶ. 185ರ ಸುಮಾರಿಗೆ, ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ. ಅಂದು ಅದು ರೋಮನ್ ಸಾಮ್ರಾಜ್ಯದ ದೊಡ್ಡ ವಿದ್ಯಾಕೇಂದ್ರ. ಗ್ರೀಕ್ ತತ್ತ್ವಜ್ಞಾನಿಗಳು, ಯಹೂದಿ ವಿದ್ವಾಂಸರು, ಕ್ರೈಸ್ತರು ಒಂದೇ ಊರಿನಲ್ಲಿದ್ದು ವಾದಿಸುತ್ತಿದ್ದ ಕಾಲ. ಸುಮಾರು 202ರಲ್ಲಿ ನಡೆದ ಹಿಂಸಾಚಾರದಲ್ಲಿ ಆತನ ತಂದೆ ಲಿಯೊನಿಡೆಸ್ ತನ್ನ ಧರ್ಮಕ್ಕಾಗಿ ಪ್ರಾಣ ತೆತ್ತ. ತಂದೆಯ ಹಿಂದೆಯೇ ಹೊರಟ ಹುಡುಗನನ್ನು ತಡೆಯಲು ತಾಯಿ ಅವನ ಬಟ್ಟೆಗಳನ್ನು ಬಚ್ಚಿಟ್ಟಳೆಂದು ಚರ್ಚಿನ ಇತಿಹಾಸ ಬರೆದ ಯುಸೀಬಿಯಸ್ ಹೇಳುತ್ತಾನೆ. ಮನೆಯ ಆಸ್ತಿಯೂ ಸರ್ಕಾರದ ವಶವಾಯಿತು. ತಮ್ಮಂದಿರನ್ನು ಸಾಕಬೇಕಾದ ಹಿರಿಯ ಮಗ ಪಾಠ ಹೇಳಿ ಸಂಪಾದಿಸತೊಡಗಿದ.

ಮುಂದೆ ಆಂಬ್ರೋಸ್ ಎಂಬ ಶ್ರೀಮಂತ ಮಿತ್ರ ಆರಿಜೆನ್‌ನ ಬರವಣಿಗೆಗೆ ಬೇಕಾದ ಏರ್ಪಾಟು ಮಾಡಿಕೊಟ್ಟ. ಏಳಕ್ಕಿಂತ ಹೆಚ್ಚು ಶೀಘ್ರಲಿಪಿಕಾರರು ಸರದಿಯಂತೆ ಆತನ ಮಾತುಗಳನ್ನು ಬರೆದುಕೊಳ್ಳುತ್ತಿದ್ದರು. ಅವನ್ನು ಪ್ರತಿ ಮಾಡಲು ಬೇರೆ ಲಿಪಿಕಾರರೂ, ಅಂದವಾಗಿ ಬರೆಯಬಲ್ಲ ಹುಡುಗಿಯರೂ ಇದ್ದರು. ಹೀಗೆ ಅಸಂಖ್ಯ ವ್ಯಾಖ್ಯಾನಗಳು, ಪ್ರವಚನಗಳು ಸಿದ್ಧವಾದವು. 230ರ ದಶಕದ ಆರಂಭದಲ್ಲಿ ಆತ ಪ್ಯಾಲೆಸ್ಟೈನಿನ ಸಿಸೇರಿಯಕ್ಕೆ ಹೋಗಿ ನೆಲೆಸಿದ.

ಪಾಠಶುದ್ಧಿಯ ಬಗ್ಗೆ ಆರಿಜೆನ್‌ಗಿದ್ದ ಕಾಳಜಿಗೆ ‘ಹೆಕ್ಸಾಪ್ಲ’ ಸಾಕ್ಷಿ. ಯಹೂದಿ ಧರ್ಮಗ್ರಂಥವನ್ನು ಆರು ಅಂಕಣಗಳಲ್ಲಿ ಅಕ್ಕಪಕ್ಕ ಬರೆಸಿದ ಬೃಹತ್ ಗ್ರಂಥ ಅದು. ಮೊದಲ ಅಂಕಣದಲ್ಲಿ ಹೀಬ್ರೂ ಮೂಲ, ಎರಡನೆಯದರಲ್ಲಿ ಅದೇ ಮೂಲ ಗ್ರೀಕ್ ಅಕ್ಷರಗಳಲ್ಲಿ, ಉಳಿದ ನಾಲ್ಕರಲ್ಲಿ ನಾಲ್ಕು ಗ್ರೀಕ್ ಅನುವಾದಗಳು. ಹೀಬ್ರೂವಿನಲ್ಲಿ ಇಲ್ಲದೆ ಗ್ರೀಕಿನಲ್ಲಿ ಮಾತ್ರ ಇರುವ ಮಾತುಗಳಿಗೆ ಒಂದು ಗುರುತು, ಗ್ರೀಕಿನಲ್ಲಿ ಬಿಟ್ಟುಹೋದ ಮಾತುಗಳಿಗೆ ಇನ್ನೊಂದು ಗುರುತು. ಅನುವಾದಕ್ಕೂ ಮೂಲಕ್ಕೂ ಇರುವ ಅಂತರವನ್ನು ಇಷ್ಟು ಶ್ರಮಪಟ್ಟು ಗುರುತಿಸಿದವನ ಸ್ವಂತ ಗ್ರಂಥವೇ ಮುಂದೆ ಮೂಲ ಕಳೆದುಕೊಂಡು ಅನುವಾದದಲ್ಲಿ ಉಳಿಯಬೇಕಾಯಿತು.

ಆ ಗ್ರಂಥದ ಹೆಸರು ‘ಮೂಲತತ್ತ್ವಗಳನ್ನು ಕುರಿತು’. 220ರ ದಶಕದಲ್ಲಿ ರಚಿತವಾದ ಇದರಲ್ಲಿ ನಾಲ್ಕು ಭಾಗಗಳಿವೆ. ಆರಿಜೆನ್ ಇಲ್ಲಿ ಎತ್ತಿಕೊಂಡ ಒಂದು ಪ್ರಶ್ನೆ ಇಂದಿಗೂ ನಮ್ಮನ್ನು ಕಾಡುವಂಥದು. ದೇವರು ಒಳ್ಳೆಯವನೂ ನ್ಯಾಯವಂತನೂ ಆಗಿದ್ದರೆ, ಒಬ್ಬ ಸುಖದಲ್ಲಿ, ಇನ್ನೊಬ್ಬ ದುಃಖದಲ್ಲಿ ಹುಟ್ಟುವುದೇಕೆ? ಆತ್ಮಗಳ ಸ್ವಭಾವವೇ ಬೇರೆ ಬೇರೆ, ಕೆಲವು ಉದ್ಧಾರಕ್ಕೆಂದೇ ಹುಟ್ಟಿದವು ಎಂದು ಅಂದಿನ ಕೆಲವು ಪಂಥದವರು ಹೇಳುತ್ತಿದ್ದರು. ಆರಿಜೆನ್ ಇದನ್ನು ಒಪ್ಪಲಿಲ್ಲ. ವಿವೇಕವುಳ್ಳ ಎಲ್ಲ ಜೀವಿಗಳನ್ನೂ ದೇವರು ಸಮಾನವಾಗಿಯೇ ಸೃಷ್ಟಿಸಿದ. ತಮ್ಮ ಇಚ್ಛಾಸ್ವಾತಂತ್ರ್ಯದಿಂದ ಅವು ದೇವರಿಂದ ದೂರ ಸರಿದವು. ಸರಿದ ದೂರಕ್ಕೆ ತಕ್ಕಂತೆ ಲೋಕದಲ್ಲಿ ಭೇದಗಳು ಉಂಟಾದವು. ಕೊನೆಯಲ್ಲಿ ಎಲ್ಲವೂ ದೇವರಲ್ಲಿಗೆ ಮರಳುವ ಆಶೆಯಿದೆ ಎಂಬುದು ಆತನ ವಿಚಾರಸರಣಿ.

ಇದನ್ನು ಓದಿದೊಡನೆ, ‘ಇದು ನಮ್ಮ ಕರ್ಮಸಿದ್ಧಾಂತವೇ ಅಲ್ಲವೇ?’ ಎಂದು ನಿಮಗೆ ಅನ್ನಿಸಬಹುದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹೋಲಿಕೆ ಇರುವುದು ನಿಜ. ಆದರೆ ಆತ್ಮ ಒಂದು ದೇಹದಿಂದ ಇನ್ನೊಂದು ದೇಹಕ್ಕೆ ಹೋಗುತ್ತದೆ ಎಂಬ ಮತವನ್ನು ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಆರಿಜೆನ್ ಸ್ಪಷ್ಟವಾಗಿ ನಿರಾಕರಿಸಿದ್ದಾನೆ. ಹೋಲಿಕೆಯನ್ನು ಕಂಡ ಕೂಡಲೇ ಎರಡೂ ಒಂದೇ ಎನ್ನುವುದು ಅಧ್ಯಯನವಾಗುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಅಪೊಸ್ತಲರು ಖಚಿತವಾಗಿ ಬೋಧಿಸಿದ ವಿಷಯಗಳು ಯಾವುವು, ವಿಚಾರ ಮಾಡಲೆಂದು ಬಿಟ್ಟ ವಿಷಯಗಳು ಯಾವುವು ಎಂದು ಆರಿಜೆನ್ ಮುನ್ನುಡಿಯಲ್ಲೇ ಬೇರ್ಪಡಿಸುತ್ತಾನೆ. ಆತ್ಮದ ಮೂಲ ಎರಡನೆಯ ಗುಂಪಿಗೆ ಸೇರಿದ್ದು. ಅಂದರೆ ಆತ ಊಹಿಸಿ ಪರೀಕ್ಷಿಸುತ್ತಿದ್ದ ಮಾತುಗಳನ್ನು ನಂತರದವರು ಅಂತಿಮ ತೀರ್ಪುಗಳೆಂಬಂತೆ ಓದಿದರು.

250ರಲ್ಲಿ ಚಕ್ರವರ್ತಿ ಡೀಸಿಯಸ್‌ನ ಕಾಲದಲ್ಲಿ ವೃದ್ಧ ಆರಿಜೆನ್ ಸೆರೆಮನೆ ಸೇರಿದ. ಕೊರಳಿಗೆ ಕಬ್ಬಿಣ ತೊಡಿಸಿ, ಕಾಲುಗಳನ್ನು ಕೋಳಕ್ಕೆ ಸಿಕ್ಕಿಸಿ ಹಿಂಸಿಸಿದರೂ ಆತ ಧರ್ಮ ಬಿಡಲಿಲ್ಲ. ಬಿಡುಗಡೆಯಾದ ಮೇಲೆ, 254ರ ಸುಮಾರಿಗೆ, ತೀರಿಕೊಂಡ. ಹೀಗೆ ಚರ್ಚಿಗಾಗಿ ನೊಂದವನ ಹೆಸರನ್ನೇ ಸುಮಾರು ಮುನ್ನೂರು ವರ್ಷಗಳ ನಂತರ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಲ್ಲಿ, ಧರ್ಮಭ್ರಷ್ಟರ ಪಟ್ಟಿಗೆ ಸೇರಿಸಲಾಯಿತು. ಅಲ್ಲಿ ಖಂಡಿಸಲ್ಪಟ್ಟ ಹಲವು ವಿಚಾರಗಳು ಆರನೆಯ ಶತಮಾನದಲ್ಲಿ ಆತನ ಅನುಯಾಯಿಗಳೆನಿಸಿದ್ದ ಸನ್ಯಾಸಿಗಳವು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅದೇನೇ ಇರಲಿ, ಖಂಡನೆಗೊಳಗಾದವನ ಪುಸ್ತಕವನ್ನು ಪ್ರತಿ ಮಾಡುವವರು ಕಡಿಮೆಯಾದರು.

ಅಷ್ಟರಲ್ಲಿ, ಅದೃಷ್ಟವಶಾತ್, 398ರಲ್ಲಿ ರುಫೀನಸ್ ಎಂಬಾತ ‘ಮೂಲತತ್ತ್ವಗಳನ್ನು’ ಲ್ಯಾಟಿನ್‌ಗೆ ತಂದಿದ್ದ. ಇಂದು ಆ ಗ್ರಂಥ ಪೂರ್ತಿಯಾಗಿ ದೊರೆಯುವುದು ಈ ಅನುವಾದದಲ್ಲಿ ಮಾತ್ರ. ಆದರೆ ರುಫೀನಸ್ ತನ್ನ ಮುನ್ನುಡಿಯಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳುತ್ತಾನೆ: ಆಕ್ಷೇಪಾರ್ಹವೆನಿಸಿದ ಕೆಲವು ಮಾತುಗಳು ವೈರಿಗಳು ತುರುಕಿದವೆಂದು ಭಾವಿಸಿ, ಅವನ್ನು ಬಿಟ್ಟಿದ್ದಾನೆ ಅಥವಾ ಸರಿಪಡಿಸಿದ್ದಾನೆ. ಇದರಿಂದ ಕೆರಳಿದ ಜೆರೋಮ್, ಗ್ರಂಥದ ದೋಷಗಳು ಕಾಣಲೆಂದು ಯಥಾವತ್ತಾದ ಇನ್ನೊಂದು ಅನುವಾದ ಮಾಡಿದ. ಅದು ಈಗ ತುಣುಕುಗಳಲ್ಲಿ ಮಾತ್ರ ಉಳಿದಿದೆ. ಒಂದು ಕಡೆ ಮಿತ್ರನ ಮೃದುಮಾತು, ಇನ್ನೊಂದು ಕಡೆ ವಿರೋಧಿಯ ಆಯ್ಕೆ. ಯಾರನ್ನು ನಂಬುವುದು?

ಇತಿಹಾಸಕಾರರು ಯಾರೊಬ್ಬರನ್ನೂ ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ‘ಫಿಲೊಕಾಲಿಯ’ ಎಂಬ ಪ್ರಾಚೀನ ಸಂಕಲನದಲ್ಲಿ ಈ ಗ್ರಂಥದ ಕೆಲವು ದೀರ್ಘ ಭಾಗಗಳು ಗ್ರೀಕಿನಲ್ಲೇ ಉಳಿದಿವೆ. ಅವನ್ನು ರುಫೀನಸ್‌ನ ಲ್ಯಾಟಿನ್ ಜೊತೆ ಇಟ್ಟು, ಆತ ಎಲ್ಲಿ ಹಿಗ್ಗಿಸುತ್ತಾನೆ, ಎಲ್ಲಿ ಮೃದುಗೊಳಿಸುತ್ತಾನೆ ಎಂದು ಸಾಲುಸಾಲಾಗಿ ನೋಡಿದರು. ಹೆಕ್ಸಾಪ್ಲದಲ್ಲಿ ಆರಿಜೆನ್ ಮಾಡಿದ್ದೂ ಇದೇ ಕೆಲಸವನ್ನಲ್ಲವೇ?

ಜೊತೆಗೆ ಹೊಸ ಆಧಾರಗಳೂ ದೊರೆತವು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಕೈರೋ ಸಮೀಪದ ಟುರಾದ ಹಳೆಯ ಕಲ್ಲುಗಣಿಗಳನ್ನು ಬ್ರಿಟಿಷ್ ಸೇನೆಯ ಮದ್ದುಗುಂಡು ಸಂಗ್ರಹಕ್ಕಾಗಿ ತೆರವು ಮಾಡುತ್ತಿದ್ದಾಗ ಪಪೈರಸ್ ಹೊತ್ತಗೆಗಳು ಸಿಕ್ಕವು. ಅವುಗಳಲ್ಲಿ ಒಂದು, ಹೆರಾಕ್ಲಿಡೀಸ್ ಎಂಬ ಬಿಷಪ್‌ನೊಡನೆ ಆರಿಜೆನ್ ನಡೆಸಿದ ಸಂವಾದದ ವರದಿ. ಆತ್ಮವೆಂದರೆ ರಕ್ತವೇ ಎಂದು ಸಭೆಯಲ್ಲಿದ್ದವರು ಕೇಳಿದ್ದು, ಆತ ಸಮಾಧಾನದಿಂದ ಉತ್ತರಿಸಿದ್ದು ಅದರಲ್ಲಿದೆ. 2012ರಲ್ಲಿ ಜರ್ಮನಿಯ ಮ್ಯೂನಿಕ್‌ನ ಗ್ರಂಥಾಲಯದಲ್ಲಿ, ಲೇಖಕನ ಹೆಸರಿಲ್ಲದ ಹಸ್ತಪ್ರತಿಯೊಂದನ್ನು ವರ್ಣಿಸುತ್ತಿದ್ದ ಮರೀನಾ ಮೊಲಿನ್ ಪ್ರದೆಲ್ ಅವರಿಗೆ ಕೀರ್ತನೆಗಳ ಮೇಲಿನ 29 ಗ್ರೀಕ್ ಪ್ರವಚನಗಳು ಕಂಡವು. ಅವುಗಳಲ್ಲಿ ನಾಲ್ಕು, ರುಫೀನಸ್ ಹಿಂದೆಯೇ ಲ್ಯಾಟಿನ್‌ಗೆ ತಂದಿದ್ದ ಆರಿಜೆನ್‌ನ ಪ್ರವಚನಗಳಿಗೆ ಹೊಂದಿದವು. ತಿದ್ದಿದ ಅನುವಾದಕನೆಂದು ಹೆಸರಾದ ರುಫೀನಸ್‌ನೇ ಇಲ್ಲಿ ತನ್ನ ಗುರುವಿನ ಗುರುತು ಹಚ್ಚಲು ಸಾಕ್ಷಿಯಾಗಿ ನೆರವಾದ!

ನೀವೂ ಯಾವುದೇ ಚಿಂತಕನನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಮಾತು ನನಗೆ ಯಾರ ಕೈಯಿಂದ ಬಂತು? ಅವರಿಗೆ ಇದರಲ್ಲಿ ಏನು ಬೇಕಾಗಿತ್ತು? ಚಿಂತಕ ಇದನ್ನು ತೀರ್ಮಾನವಾಗಿ ಹೇಳಿದನೋ, ವಿಚಾರಕ್ಕೆಂದು ಮುಂದಿಟ್ಟನೋ? ಆರಿಜೆನ್‌ನ ಮತ ನಿಮಗೆ ಒಪ್ಪಿಗೆಯಾಗಬಹುದು, ಆಗದೆಯೂ ಇರಬಹುದು. ಆದರೆ ಒಪ್ಪುವ ಮೊದಲೂ ತಿರಸ್ಕರಿಸುವ ಮೊದಲೂ ಆತ ನಿಜವಾಗಿ ಏನು ಹೇಳಿದ ಎಂದು ಹುಡುಕುವುದು ಓದುಗರಾದ ನಮ್ಮ ಹೊಣೆ. ಮುನ್ನೂರು ವರ್ಷಗಳ ನಂತರ ಆತನ ಮೇಲೆ ತೀರ್ಪು ಕೊಟ್ಟವರಿಗೆ ಆ ಹುಡುಕಾಟಕ್ಕೆ ವ್ಯವಧಾನವಿರಲಿಲ್ಲ. ನಿಮಗೆ ಇದೆ.