‘ಏನೂ ಸಿಗಲಿಲ್ಲ’ ಎನ್ನುವ ಕೈಪಿಡಿಗಳು

ಉತ್ತರ ಕೈಪಿಡಿಯಲ್ಲೇ ಇದೆ. ಆದರೆ ಯಾವ ಪುಟದಲ್ಲಿ? ಸಾಫ್ಟ್‌ವೇರ್ ಬರೆಯುವವರಿಗೆ ಇದು ದಿನನಿತ್ಯದ ಪೇಚು. ತಯಾರಕರು ಸಾವಿರಾರು ಪುಟಗಳ ಕೈಪಿಡಿಯನ್ನು ವೆಬ್‌ಸೈಟಿನಲ್ಲಿ ಇಟ್ಟಿರುತ್ತಾರೆ. ಮೇಲ್ಭಾಗದಲ್ಲಿ ಹುಡುಕುವ ಚೌಕವೂ ಇರುತ್ತದೆ. ಅಲ್ಲಿ ಪದವೊಂದನ್ನು ಬರೆದರೆ ಬರುವುದು ‘ಏನೂ ಸಿಗಲಿಲ್ಲ’ ಎಂಬ ಸಾಲು. ಇಲ್ಲವೇ ಯಾವುದೋ ಹಳೆಯ ಆವೃತ್ತಿಯ ಪುಟಗಳ ಉದ್ದನೆಯ ಪಟ್ಟಿ. ಬೇಸತ್ತವರು ಕೊನೆಗೆ ಗೂಗಲ್ ಮೊರೆ ಹೋಗುತ್ತಾರೆ. ನಮ್ಮದೇ ಮನೆಯ ಪಾತ್ರೆ ಎಲ್ಲಿದೆ ಎಂದು ಪಕ್ಕದ ಮನೆಯವರನ್ನು ಕೇಳಿದಂತೆ!

ಕಂಪ್ಯೂಟರ್ ಇಷ್ಟೊಂದು ಮುಂದುವರಿದಿರುವಾಗ ಇಂಥ ಸಣ್ಣ ಕೆಲಸ ಏಕೆ ಆಗುವುದಿಲ್ಲ? ಉತ್ತರಕ್ಕಾಗಿ ಸ್ವಲ್ಪ ಇತಿಹಾಸದತ್ತ ನೋಡಬೇಕು.

ಮಠದಲ್ಲಿ ಹುಟ್ಟಿದ ಪದಸೂಚಿ

ದೊಡ್ಡ ಗ್ರಂಥದಲ್ಲಿ ಬೇಕಾದ ಮಾತನ್ನು ಹುಡುಕುವ ಕಷ್ಟ ಹೊಸದಲ್ಲ. 13ನೇ ಶತಮಾನದಲ್ಲಿ ಪ್ಯಾರಿಸ್‌ನ ಡೊಮಿನಿಕನ್ ಸಂನ್ಯಾಸಿಗಳು ಹ್ಯೂ ಆಫ್ ಸೇಂಟ್ ಷೆರ್ ಅವರ ನೇತೃತ್ವದಲ್ಲಿ ಬೈಬಲಿನ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂಬ ಸೂಚಿ ಸಿದ್ಧಪಡಿಸಿದರು. ಪ್ರವಚನಕಾರರಿಗೆ ಅದು ವರದಾನವಾಯಿತು.

ಅದೇ ಕೆಲಸವನ್ನು ಯಂತ್ರಕ್ಕೆ ವಹಿಸಿದವರಲ್ಲಿ ಪ್ರಮುಖರು ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲುನ್. 1950ರ ದಶಕದ ಕೊನೆಯಲ್ಲಿ ಅವರು, ಲೇಖನದ ಶೀರ್ಷಿಕೆಯಲ್ಲಿರುವ ಪ್ರತಿಯೊಂದು ಮುಖ್ಯ ಪದದಡಿಯಲ್ಲೂ ಆ ಶೀರ್ಷಿಕೆ ಸಿಗುವಂತೆ ಕಂಪ್ಯೂಟರಿನಿಂದಲೇ ಸೂಚಿ ತಯಾರಿಸುವ ಕ್ರಮವನ್ನು ರೂಪಿಸಿದರು.

ಈ ಕ್ರಮ ಸಾಫ್ಟ್‌ವೇರ್ ಕೈಪಿಡಿಗೂ ಬಂತು. ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅದರ ನಂತರದ ಆವೃತ್ತಿಗಳಲ್ಲಿ ಇಂಥ ಸೂಚಿ ಮುದ್ರಣವಾಯಿತು. ದಶಕದ ಕೊನೆಗೆ ಬರ್ಕ್ಲಿ ವಿಶ್ವವಿದ್ಯಾಲಯದವರು ‘ಆಪ್ರಪೋ’ ಎಂಬ ಆಜ್ಞೆಯನ್ನು ಸೇರಿಸಿದರು. ಪದವೊಂದನ್ನು ಕೊಟ್ಟರೆ, ಶೀರ್ಷಿಕೆ ಸಾಲಿನಲ್ಲಿ ಆ ಪದವಿರುವ ಪುಟಗಳನ್ನೆಲ್ಲ ಅದು ತೋರಿಸುತ್ತಿತ್ತು.

ಕೇಳುವವನ ಪದ, ಬರೆದವನ ಪದ

ತೊಡಕು ಇರುವುದು ಇಲ್ಲಿಯೇ. ಯೂನಿಕ್ಸ್‌ನಲ್ಲಿ ಕಡತವನ್ನು ಅಳಿಸುವ ಆಜ್ಞೆ ‘ಆರ್‌ಎಂ’. ಅದರ ಶೀರ್ಷಿಕೆ ಸಾಲಿನಲ್ಲಿ ಇರುವ ಪದ ‘ರಿಮೂವ್’. ಹೊಸಬನೊಬ್ಬ ‘ಡಿಲೀಟ್’ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ! ಕೈಪಿಡಿ ಬರೆದವನ ತಪ್ಪಿಲ್ಲ, ಕೇಳಿದವನ ತಪ್ಪೂ ಇಲ್ಲ. ಇಬ್ಬರ ಪದ ಬೇರೆ, ಅಷ್ಟೆ.

ಇದು ಎಷ್ಟು ಸಾಮಾನ್ಯ ಎಂಬುದನ್ನು ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಒಂದೇ ವಸ್ತುವಿಗೆ ಇಬ್ಬರು ತಾವಾಗಿಯೇ ಒಂದೇ ಹೆಸರನ್ನು ಆರಿಸುವ ಸಾಧ್ಯತೆ ಶೇ 20ಕ್ಕಿಂತ ಕಡಿಮೆ! ಆದ್ದರಿಂದ ಪ್ರತಿಯೊಂದು ವಿಷಯಕ್ಕೂ ಜನ ಬಳಸಬಹುದಾದ ಹಲವು ಹೆಸರುಗಳನ್ನು ಜೋಡಿಸಬೇಕು ಎಂಬುದು ಅವರ ಸಲಹೆಯಾಗಿತ್ತು.

ಸಾಫ್ಟ್‌ವೇರ್ ಕೈಪಿಡಿಗಳಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಇಂಗ್ಲಿಷಿನ ‘ಇಫ್’, ‘ಫಾರ್’, ‘ನಾಟ್’ ಮುಂತಾದ ಪದಗಳು ಎಲ್ಲೆಡೆ ಬರುವುದರಿಂದ ಹಲವು ಹುಡುಕು ವ್ಯವಸ್ಥೆಗಳು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿಹ್ನೆಗಳನ್ನೂ ಬಿಟ್ಟುಬಿಡುತ್ತವೆ. ಆದರೆ ಪ್ರೋಗ್ರಾಮ್ ಬರೆಯುವವನಿಗೆ ಬೇಕಾಗಿರುವುದು ಅವೇ!

ಕನ್ನಡದಲ್ಲಿ ಕೈಪಿಡಿ ಬರೆದರೆ ತೊಡಕು ಇನ್ನೂ ಹೆಚ್ಚು. ‘ಕಣ್ಣು’ ಎಂದು ಹುಡುಕಿದವನಿಗೆ ‘ಕಣ್ಣಿಗೆ’, ‘ಕಣ್ಣಿನಲ್ಲಿ’ ಎಂಬ ರೂಪಗಳಿರುವ ಪುಟಗಳೂ ಬೇಕು. ಅಕ್ಷರವನ್ನಷ್ಟೇ ಹೋಲಿಸುವ ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ವಿಭಕ್ತಿ ಪ್ರತ್ಯಯಗಳನ್ನು ಅದಕ್ಕೆ ಯಾರಾದರೂ ಕಲಿಸಲೇಬೇಕು.

ರಂಗನಾಥನ್ ಹೇಳಿದ ನಾಲ್ಕನೇ ಸೂತ್ರ

ಹಿಂದೆ ಪುಸ್ತಕದ ಕೊನೆಯಲ್ಲಿ ಪದಸೂಚಿ ಮಾಡುತ್ತಿದ್ದವರು ಈ ಅಂತರವನ್ನು ಬಲ್ಲವರಾಗಿದ್ದರು. ಓದುಗ ಯಾವ ಪದ ಹಿಡಿದು ಬರಬಹುದು ಎಂದು ಯೋಚಿಸಿ, ‘ಅಳಿಸು: ತೆಗೆ ನೋಡಿ’ ಎಂಬಂತೆ ದಾರಿ ತೋರುತ್ತಿದ್ದರು. ಹುಡುಕುವ ಚೌಕ ಬಂದ ಮೇಲೆ ಇನ್ನು ಇದರ ಅಗತ್ಯವಿಲ್ಲ ಎಂದು ಅನೇಕರು ಭಾವಿಸಿದರು. ಮನುಷ್ಯ ಮಾಡುತ್ತಿದ್ದ ಅರ್ಧ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಉಳಿದರ್ಧ ಯಾರ ಪಾಲಿಗೂ ಬರಲಿಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸಬೇಕು ಎಂಬುದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರಿಗೆ ಡಾಕ್ಯುಮೆಂಟೇಷನ್ ಎಂದರೆ ಬರೆದಿಡುವುದಷ್ಟೇ ಅಲ್ಲ, ಬೇಕಾದವನಿಗೆ ಬೇಕಾದಾಗ ಬೇಕಾದ ಬರಹ ತಲುಪಿಸುವುದು. ಈಗ ಸಾಫ್ಟ್‌ವೇರ್ ಕಂಪನಿಗಳಲ್ಲಿ ಆ ಪದಕ್ಕೆ ಕೈಪಿಡಿ ಬರೆಯುವುದು ಎಂಬ ಅರ್ಥವಷ್ಟೇ ಉಳಿದಿದೆ.

ಪರಿಹಾರ ಕಷ್ಟದ್ದೇನಲ್ಲ. ‘ಏನೂ ಸಿಗಲಿಲ್ಲ’ ಎಂಬ ಉತ್ತರ ಪಡೆದ ಪ್ರತಿಯೊಂದು ಪದವನ್ನೂ ವೆಬ್‌ಸೈಟ್ ದಾಖಲಿಸಿಕೊಳ್ಳಬಹುದು. ವಾರಕ್ಕೊಮ್ಮೆ ಯಾರಾದರೂ ಆ ಪಟ್ಟಿ ನೋಡಿ, ಸರಿಯಾದ ಪುಟಕ್ಕೆ ಆ ಪದಗಳನ್ನು ಜೋಡಿಸಿದರೆ ಸಾಕು. ಮುಂದಿನವನಿಗಾದರೂ ಉತ್ತರ ಸಿಗುತ್ತದೆ.